ಘೋಣಸಗಿ ಬಾವಿಯ ಹತ್ತು ಮಾತು

ಸಾರವಾಡ,
೧೬ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ನೀಲಗಂಗಕ್ಕಾರಿಗೆ,

ನಿಮ್ಮ ತಮ್ಮ ದಶರಥನ ಹೆಂಡತಿ ವಿಜಯಲಕ್ಷ್ಮೀಯ ನಮಸ್ಕಾರ. ಹ್ಯಾಂಗ ಇದ್ದೀರಿ? ಇಚಲಕರಂಜಿಯ ಮಗ್ಗದ ಧೂಳಿಗೆ ನಿಮಗ ದಮ್ಮು ಹತ್ತತೈತಿ ಅಂತ ಕೇಳೇನಿ. ಈ ಚಳಿಗಾಲ ಹ್ಯಾಂಗ ಕಳೀತು? ಮನಿಯವ್ರು, ಮಗಳು ಎಲ್ಲಾರೂ ಆರಾಮ ಅದಾರಲ್ಲ? ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ನಾ ಈ ಮನಿಗೆ ಬಂದು ಹನ್ನೊಂದು ವರ್ಷ ಆತು, ನೀವು ಈ ಮನಿ ಬಿಟ್ಟು ಹದಿನೇಳು. ಟ್ರಂಕಿನ್ಯಾಗಿರೋ ಒಂದ ಫೋಟೋದಾಗ ನಿಮ್ಮನ್ನ ನೋಡೇನಿ, ಎರಡು ಜಡಿ ಹಾಕ್ಕೊಂಡು, ಬಿಸಲಿಗೆ ಕಣ್ಣು ಸಣ್ಣ ಮಾಡಿ ನಿಂತೀರಿ. ಹೋದ ತಿಂಗಳು ನಾ ಫೋನ್ ಮಾಡಿ ಸಾರವಾಡದಿಂದ ಅಂದ ಕೂಡಲೇ ಇಟ್ಟುಬಿಟ್ರಿ. ನಾ ಬೇಜಾರ ಮಾಡ್ಕೊಂಡಿಲ್ರೀ ಅಕ್ಕಾರ. ಇದು ಫೋನಿನ್ಯಾಗ ಹೇಳೋ ಮಾತೂ ಅಲ್ಲ. ಓದಿ ಹರದು ಒಗದ್ರೂ ನಡೀತೈತಿ, ಆದ್ರ ಪೂರಾ ಓದ್ರಿ.

ಸಂಕ್ರಾಂತಿ ಮರುದಿನ ಅತ್ತಿಯವರಿಗೆ ಲಕ್ವಾ ಹೊಡೀತು. ಮುಂಜಾನಿ ರೊಟ್ಟಿ ಬಡಿಯಾಕತ್ತಿದ್ರು. ಬಡಿಯೋ ಸಪ್ಪಳ ನಿಂತದ್ದು ಕೇಳಿ ನಾ ಒಳಗ ಬಂದ್ರ ಬಲಗೈ ಹಿಟ್ಟಿನ್ಯಾಗ ಹಂಗ ಬಿದ್ದಿತ್ತು, ಬ್ಯಾರೇ ಯಾರದೋ ಕೈ ಅನ್ನೂವಂಗ ಅದನ್ನ ನೋಡಾಕತ್ತಿದ್ರು. ವಿಜಯಪುರದ ದವಾಖಾನ್ಯಾಗ ಹನ್ನೆರಡು ದಿನ ಇದ್ವಿ. ಜೀವ ಉಳೀತು, ಈಗ ಗ್ವಾಡಿ ಹಿಡದು ನಾಕ ಹೆಜ್ಜಿ ಹಾಕತಾರ. ಆದ್ರ ಮಾತು ಹೋತು. ಮಗನ ಹೆಸರಿಲ್ಲ, ನನ್ನ ಹೆಸರಿಲ್ಲ, ನೀರು ಅನ್ನಾಕ ಬರೂದಿಲ್ಲ. ಬಾಯಿಂದ ಬರೂದು ಬರೇ ಅಂಕಿ. ಎರಡು ಅಂತಾರ, ಏಳು ಅಂತಾರ, ನಾವು ತಿಳೀದ ಮುಖ ಮುಖ ನೋಡಿದ್ರ ಕಣ್ಣೀರು ಹಾಕತಾರ. ಡಾಕ್ಟರು ಭಾಳ ಸಮಾಧಾನದಿಂದ, ಮಾತಿನ ಜಾಗಕ್ಕ ಪೆಟ್ಟು ಬಿದ್ದೈತಿ, ಸಣ್ಣಾಗಿಂದ ಬಾಯಿಪಾಠ ಆದದ್ದಷ್ಟ ಉಳದೈತಿ, ಅದರಾಗ ಅರ್ಥ ಹುಡಕಬ್ಯಾಡ್ರಿ ಅಂದ್ರು. ನಾವೂ ಹುಡಕಲಿಲ್ಲ. ಅತ್ತಿಯವರು ಮೊದಲಿಂದಾನೂ ತಮ್ಮಷ್ಟಕ್ಕ ಅಂಕಿ ಗುನುಗೂದು ನಿಮಗ ಗೊತ್ತಲ್ಲ. ನೀವು ಅಕ್ಕ ತಮ್ಮ ಸಣ್ಣವರಿದ್ದಾಗ ಅವ್ವಗ ಎಣಸೋ ಹುಚ್ಚು ಅಂತ ನಗತಿದ್ರಂತ.

ಅರ್ಥ ಹುಡುಕಿದಾಕಿ ರುಕ್ಸಾರ ಅಂತ, ಆ ವಾರ್ಡಿನ ನರ್ಸ್. ಒಂದಿನ ಅತ್ತಿಯವರ ತಲಿ ಬಾಚಾಕತ್ತಾಕಿ ನನ್ನ ಕಡೆ ಹೊಳ್ಳಿ, "ಟೀಚರ್, ಇವ್ರು ಎಣಸಾಕತ್ತಿಲ್ರೀ. ಎಣಸೂವ್ರು ಒಂದಾದ ಮ್ಯಾಲ ಎರಡು ಅಂತಾರ. ಇವ್ರು ನೀರಡಿಕಿ ಆದಾಗ ಅಷ್ಟ ಎರಡು ಅಂತಾರ" ಅಂದ್ಲು. ಹದಿನೈದು ವರ್ಷದಿಂದ ಬಬಲೇಶ್ವರದ ಸಾಲ್ಯಾಗ ಗಣಿತ ಕಲಸಾಕತ್ತೇನ್ರೀ ನಾ. ನನಗ ಇದು ತಿಳೀಲಿಲ್ಲ. ಅವತ್ತಿಂದ ನೋಟಬುಕ್ಕಿನ ಹಿಂದಿನ ಹಾಳ್ಯಾಗ ಬರೀತ ಕುಂತೆ, ಯಾವಾಗ ಯಾವ ಅಂಕಿ ಅಂತ. ನೀರಿಗೆ, ಮೈ ಒರಸಾಕ ಎರಡು. ಹಸಿವಿಗೆ ಮೂರು. ಬಾಜೂ ಕಾಟಿನ ಮುದುಕಿ ಮೂರು ದಿನ ಕಣ್ಣು ತೆರೀದ ಮಲಗಿದ್ಲು, ಅತ್ತಿಯವರು ಆಕಿ ಕಡೆ ಕೈ ಚಾಚಿ ಏಳು, ಏಳು ಅಂತಿದ್ರು. ಹಾಳಿ ತುಂಬಿದ ಮ್ಯಾಲ ಒಂದಸಲ ಓದಿದೆ ನೋಡ್ರಿ. ಒಂದೂ ಅಂಕಿ ತನ್ನ ಜಾಗ ತಪ್ಪಿರಲಿಲ್ಲ.

ಮನಿಗೆ ಬಂದ ಮ್ಯಾಲ, ಫೆಬ್ರುವರಿ ಎರಡಕ್ಕ, ನಾ ಒಬ್ಬಾಕಿನ ಘೋಣಸಗಿಗೆ ಹೋದೆ. ಅತ್ತಿಯವರ ತವರುಮನಿ ಆ ಊರ ಹೊರಗಿನ ಎಣಿಕಿ ಮಂದಿಯ ಓಣಿ ಅನ್ನೂದು ಬಿಟ್ರ ನನಗ ಮತ್ತೇನೂ ಗೊತ್ತಿರಲಿಲ್ಲ. ತಿಕೋಟಾ ದಾಟಿದ ಮ್ಯಾಲ ರಸ್ತೆ ಎರಡೂ ಕಡೆ ದ್ರಾಕ್ಷಿ ಪಡ, ಒಣದ್ರಾಕ್ಷಿಯ ಶೆಡ್ಡು, ಬಸ್ಸಿನ ತುಂಬ ಆ ಹುಳಿ ಸಿಹಿ ವಾಸನಿ. ಓಣ್ಯಾಗ ಈಗ ಉಳದದ್ದು ಆರೇಳು ಮನಿ. ಅತ್ತಿಯವರ ದೊಡ್ಡಪ್ಪನ ಮಗ ಕರೆಪ್ಪ ಮುತ್ಯಾ ಕಟ್ಟಿ ಮ್ಯಾಲ ಕುಂತಿದ್ರು, ಎಂಬತ್ತು ದಾಟ್ಯಾವ. ಸಾರವಾಡದಾಕಿ ಅಂದದ್ದ ತಡ, ಮುಖ ತಿರುವಿದ್ರು. "ನಿಮ್ಮ ಮಂದಿ ನನ್ನ ತಂಗಿ ರಾಚಿಯ ಬಾಯಿ ಹೊಲದ್ರಿ. ಮದವ್ಯಾದ ತಿಂಗಳಿಗೆ ಅವರತ್ತಿ ಆಕಿನ ದೇವರ ಮುಂದ ನಿಲ್ಲಿಸಿ ಆಣಿ ಮಾಡಿಸಿದ್ಲು. ಬಾವಿ ಮಂದಿ ಎಣಿಕಿ ಈ ಮನ್ಯಾಗ ಬ್ಯಾಡ, ಮಕ್ಕಳಿಗೆ ಕಲಸಬ್ಯಾಡ ಅಂತ. ಈಗ್ಯಾಕ ಬಂದಿ?" ಅಂದ್ರು. ನೋಟಬುಕ್ ತಗದು ಓದಿದೆ. ಎರಡು, ನೀರಡಿಕಿ ಆದಾಗ. ಏಳು, ಮುದುಕಿ ಕಣ್ಣು ತೆರೀದ ಮಲಗಿದ್ದಾಗ. ಅರ್ಧ ಓದೂದ್ರಾಗ ಮುತ್ಯಾ ತಲಿ ಮ್ಯಾಲಿನ ರುಮಾಲು ತಗದು ತೊಡಿ ಮ್ಯಾಲ ಇಟ್ಕೊಂಡು, "ಎಲ್ಲಾ ಹೋದ ಮ್ಯಾಲೂ ಆಕಿ ಹಂತ್ಯಾಕ ಅವ ಉಳದಾವಲ್ಲವಾ" ಅಂತ ಅತ್ತುಬಿಟ್ರು. ಆಮ್ಯಾಲ ಚಪ್ಪಲಿ ಬಿಡು, ಬಾ ಅಂದ್ರು.

ಓಣಿ ಹಿಂದ ಒಂದು ಹಳೇ ಬಾವಿ ಐತಿ ಅಕ್ಕಾರ. ಗುಡಿ ಇಲ್ಲ, ಮೂರ್ತಿ ಇಲ್ಲ, ಗಂಟಿ ಇಲ್ಲ. ಹತ್ತು ಮೆಟ್ಟಲ, ಹತ್ತನೇದು ನೀರಾಗ. ಅವರ ದೇವರು ಆಳದವ್ವ, ಆಕಿ ತಳದಾಗ ಇರತಾಳ. ಊರೂರು ತಿರುಗಿ ಬಾವಿ ತೋಡತಿದ್ದ ಮಂದಿ ಅವ್ರು. ಕಲ್ಲು ಒಡದು ಮೊದಲ ನೀರು ಬಂದ ದಿನ ಆಳದವ್ವ ಹತ್ತು ಮಾತು ಆಡಿದ್ಲಂತ. "ಉಳದ ಮಾತೆಲ್ಲಾ ಮನಶ್ಯಾ ಮಾಡಿದ್ದು, ಈ ಹತ್ತು ಆಕಿ ಕೊಟ್ಟದ್ದು. ಮಂದಿ ಅದನ್ನ ತಗೊಂಡು ದನ ಎಣಸಿದ್ರು, ಚೀಲ ಎಣಸಿದ್ರು. ನಾವು ಎಣಸೂದಿಲ್ಲವಾ, ಕೇಳತೇವಿ" ಅಂದ್ರು ಮುತ್ಯಾ. ಮೊದಲನೇ ಮೆಟ್ಟಲ ಮ್ಯಾಲ ನಿಲ್ಲಿಸಿ, ಒಂದು ಅನ್ನು ಅಂದ್ರು. ಒಂದು ಅಂದ್ರ ಒಂದಾಗು, ಕೂಡು. ಅವ್ರು ಎದುರ ಬಂದವರಿಗೆ ಹೇಳೋ ನಮಸ್ಕಾರನೂ ಅದ. ಎರಡು ಅಂದ್ರ ಎರಿ, ನೀರು ಹಾಕು. ಮೂರು ಅಂದ್ರ ಒಲಿಯ ಮೂರು ಗುಂಡು. ನಾಕರ ಅರ್ಥ ಹೇಳಲಿಲ್ಲ, ಅದು ಎಣಿಕಿ ಹೊತ್ತಾಕಿಗೆ, ಅಂದ್ರ ಈ ಹತ್ತು ಮಾತು ತಾಯಿಯಿಂದ ಪಡದಾಕಿಗೆ ಅಷ್ಟ ಅಂತ ಸುಮ್ನ ದಾಟಿಸಿದ್ರು. ಐದು ಅಂದ್ರ ಮುಟ್ಟು, ಹೋಗಿ ಸೇರು ಅಂದಾಗ ಇದೇನೋ ಮುತ್ಯಾನ ಕಲ್ಪನಾ ಅನ್ಕೊಂಡೆ. ಮರುದಿನ ನಮ್ಮ ಸಾಲಿ ಕನ್ನಡ ಸರ್‌ನ ಕೇಳಿದ್ರ, ಹಳಗನ್ನಡದಾಗ ಆ ಮಾತಿಗೆ ಸೇರು ಅನ್ನೂದ ಅರ್ಥ, ನಿಮಗ ಯಾರು ಹೇಳಿದ್ರು ಅಂದ್ರು. ಏಳು ಅಂದ್ರ ಎದ್ದೇಳು. ಎಂಟು, ಒಂಬತ್ತರ ಅರ್ಥಾನೂ ಹೇಳಿದ್ರು. ಹತ್ತು ಅಂದ್ರ ಹತ್ತಿ ಬಾ ಅಂತ, ಮುಳುಗಿದವರಿಗೆ ಆಳದವ್ವ ಕೂಗೋ ಮಾತು. ಹದಿನೈದು ವರ್ಷ ಮಕ್ಕಳ ಕಡೆಯಿಂದ ಇವನ್ನ ಕೂಗಿಸೇನಿ, ಬೋರ್ಡ್ ತುಂಬ ಬರದೇನಿ, ಅಳಿಸೇನಿ. ಒಂದ ದಿನಾನೂ ಕೇಳಿಸ್ಕೊಂಡಿರಲಿಲ್ಲ. ಆ ತಂಪು ಕಲ್ಲಿನ ಮ್ಯಾಲ ಬರಿಗಾಲಲ್ಲೆ ನಿಂತಾಗ ನನ್ನ ಬಾಯಿಂದ ಬಂದ ಮಾತಿಗೆ ನಾನ ಅಂಜಿದೆ.

ಆರನೇ ಮೆಟ್ಟಲ ಮ್ಯಾಲ ಮುತ್ಯಾ ಭಾಳ ಹೊತ್ತು ನಿಂತ್ರು. ಆರು ಅಂದ್ರ ಆರಲಿ. ಒಡಲ ಉರಿ ಆರಲಿ. ಮಕ್ಕಳನ್ನ ಕಳಕೊಂಡ ತಾಯಿಗೆ ಇದೊಂದ ಮಾತು ಹೇಳಬೇಕು, ಮೂರು ಸಲ, ಬ್ಯಾರೇ ಏನೂ ಹೇಳಬಾರದು, ಯಾಕಂದ್ರ ಅಲ್ಲಿ ಮನಶ್ಯಾನ ಮಾತು ನಡಿಯೂದಿಲ್ಲ ಅಂದ್ರು. ನಾ ತಲಿ ಅಲ್ಲಾಡಿಸಿ ಕೆಳಗ ಇಳದೆ. ಆವಾಗ ನನಗ ನಿಮ್ಮ ಸುದ್ದಿ ಪೂರಾ ಗೊತ್ತಿರಲಿಲ್ರೀ.

ಮನಿಗೆ ಬಂದಾಗ ಸಂಜಿ ಐದಾಗಿತ್ತು, ಅತ್ತಿಯವರು ಪಡಸಾಲ್ಯಾಗ ಕುಂತಿದ್ರು. ನಾ ಅವರ ಕಾಲ ಹಂತ್ಯಾಕ ಕುಂತು, ಒಂದು ಅಂದೆ. ನಲವತ್ತೈದು ವರ್ಷ ಆ ಮಾತಿಗೆ ಯಾರೂ ಓಗೊಟ್ಟಿರಲಿಲ್ಲ ಅವರಿಗೆ. ನನ್ನ ಗದ್ದ ಹಿಡದು ಎತ್ತಿ, ಮುಖದಾಗ ಏನೋ ಓದೂವಂಗ ನೋಡಿ, ಒಂದು ಅಂದ್ರು. ಅಷ್ಟರಾಗ ನಿಮ್ಮ ತಮ್ಮ ಹೊಲದಿಂದ ಬಂದ್ರು. ಆಸ್ಪತ್ರ್ಯಾಗ ಬೀಗರ ಮುಂದ ಅವರು ನಾಚಿಕಿಗೆ, "ಸುಮ್ನಿರಬೇ, ಎಣಸಬ್ಯಾಡ" ಅಂತ ಅವ್ವನ ಮ್ಯಾಲ ಜೋರು ಮಾಡಿದ್ರು. ನಾ ಬಾವಿ ಸುದ್ದಿ ಎಲ್ಲಾ ಹೇಳಿದೆ. ಕೇಳಿ ಹೊರಗ ಹೋದ್ರು, ಟ್ರ್ಯಾಕ್ಟರ್ ಹಿಡಕೊಂಡು ಆ ಕಡೆ ಮುಖ ಮಾಡಿ ನಿಂತ್ರು. ಆಮ್ಯಾಲ ಒಳಗ ಬಂದು ಸಣ್ಣ ಕೂಸಿನಂಗ ಅವ್ವನ ತೊಡಿ ಮ್ಯಾಲ ತಲಿ ಇಟ್ರು. ಅತ್ತಿಯವರು ಎಡಗೈಲೆ ಅವರ ತಲಿ ಸವರಿ ಆರು ಅಂದ್ರು. ಆರು, ಆರು.

ನಿಮ್ಮ ತಮ್ಮ ಸೆಟದು ಎದ್ದು ಕುಂತ್ರು. ಅಕ್ಕನ ಕೂಸು ಹೋದ ದಿನ ಅವ್ವ ಇದನ್ನ ಅಂದಿದ್ಲು ಅಂದ್ರು. ನಿಮ್ಮ ಐದು ತಿಂಗಳ ಕೂಸನ್ನ ಮಣ್ಣು ಮಾಡಿ ಬಂದಾಗ ಅತ್ತಿಯವರು ಬಾಗಲದಾಗ ನಿಂತು ನಿಮ್ಮ ಮುಖ ಹಿಡದು ಮೂರು ಸಲ ಆರು ಅಂದ್ರಂತ. "ನನ್ನ ಕೂಸು ಹೋಗೈತಿ, ನೀ ಎಣಸಾಕತ್ತಿಯಲ್ಲಬೇ!" ಅಂತ ನೀವು ಅವರ ಕೈ ಕಿತ್ತು ಒಗದು, ಮರುದಿನ ಮುಂಜಾನಿ ಬಸ್ಸಿಗೆ ಹೋದ್ರಂತ. ಅಕ್ಕಾರ, ಅವ್ರು ಎಣಸಲಿಲ್ಲ. ತಮ್ಮ ಅತ್ತಿಯ ಮುಂದ ಮಾಡಿದ ಆಣಿ ಮುರದು, ಇಡೀ ಊರ ಮುಂದ, ತಮ್ಮ ಹಂತ್ಯಾಕ ಇದ್ದದ್ದರಾಗ ಎಲ್ಲಕ್ಕಿಂತ ದೊಡ್ಡ ಮಾತು ನಿಮಗ ಕೊಟ್ರು. ಹೇಳಿದ ಮ್ಯಾಲ ಅರ್ಥ ಬಿಡಿಸಬಾರದು ಅನ್ನೂದು ಅವರ ನೇಮ. ಅದಕ್ಕ ನೀವು ಹೋದ ಮ್ಯಾಲೂ ಬಾಯಿ ಬಿಡಲಿಲ್ಲ. ನಿಮ್ಮದೂ ತಪ್ಪಲ್ಲ. ಅಂಥಾ ಹೊತ್ತಿನ್ಯಾಗ ನಾನಿದ್ರೂ ಹಂಗ ಕೈ ಒಗೀತಿದ್ದೆ. ನಿಮ್ಮ ತಮ್ಮ ಅವತ್ತು ಊಟ ಮಾಡಲಿಲ್ಲ. ಅತ್ತಿಯವರು ಟ್ರಂಕಿನ ಕಡೆ ಕೈ ಮಾಡಿ ಫೋಟೋ ತರಿಸ್ಕೊಂಡು, ಅದರ ಮ್ಯಾಲ ಕೈ ಇಟ್ಟು ಒಂಬತ್ತು ಅಂದ್ರು. ಹತ್ತಕ್ಕ ಒಬ್ಬರು ಕಡಿಮಿ, ಹೋದವರ ದಾರಿ ನೋಡೋ ಮನಿಯ ಮಾತು ಅದು. ಹನ್ನೊಂದು ವರ್ಷದಾಗ ಅವರು ಹೊಸ್ತಲದಾಗ ಕುಂತು ಅದನ್ನ ಗುನುಗೂದನ್ನ ದಿನಾ ಕೇಳೇನಿ, ಕಸ ಹೊಡೀತ ಕೇಳೇನಿ, ಅವರನ್ನ ದಾಟಕೊಂಡು ಹೋಗೇನಿ.

ಕೈ ನೋಯಾಕತ್ತೈತಿ, ಸಾಕು ಮಾಡತೇನಿ. ನಿಮ್ಮ ಮನಿಯವರಿಗೆ ನಮ್ಮ ನಮಸ್ಕಾರ ಹೇಳ್ರಿ, ಮಗಳಿಗೆ ಆಕಿ ನೋಡದ ಈ ಅತ್ತಿಯ ಮುದ್ದು. ನಿಮ್ಮ ಅವ್ವಾರ ಕಡೆಯಿಂದ ಆಶೀರ್ವಾದ ಅಂತ ನಾ ಬರಿಯೂದು ಬ್ಯಾಡ, ಬಾಜೂಕ ಕುಂತು ಈ ಹಾಳಿ ಮ್ಯಾಲ ಎಡಗೈ ಊರ್ಯಾರ.

ನಿಮ್ಮ
ವಿಜಯಲಕ್ಷ್ಮೀ

ತಾ.ಕ.: ಬರೀಬೇಕಾದದ್ದನ್ನ ಬಿಟ್ಟು ಎಲ್ಲಾ ಬರದೆ. ಮತ್ತೊಂದು ಸಲ ಲಕ್ವಾ ಬರಬಹುದು ಅಂದಾರ ಡಾಕ್ಟರು. ಎಣಿಕಿ ಹೊತ್ತಾಕಿ ಜೀವ ಇದ್ದಾಗ ಆ ಹತ್ತೂ ಮಾತನ್ನ ಬಾವಿಯೊಳಗ ಇಳದು ಮಗಳ ಕಿವ್ಯಾಗ ಹೇಳಬೇಕಂತ. ಅವರ ಕುಲದಾಗ, ಅತ್ತಿಯವರ ತಲಿಮಾರಿನ್ಯಾಗ, ಅದನ್ನ ಹೊತ್ತು ಉಳದಾಕಿ ಅವರೊಬ್ಬರ. ಮಾರ್ಚ್ ಎರಡು, ರವಿವಾರ ಮುಂಜಾನಿ ಅವರನ್ನ ಘೋಣಸಗಿಗೆ ಕರಕೊಂಡು ಹೊಂಟೇವಿ. ಸೊಸಿಗೆ ಹೇಳಿದ್ರ ನಡೀತೈತೇನು ಅಂತ ನಾ ಮುತ್ಯಾನ್ನ ಕೇಳಿದೆ. ಮಗಳು ಹೂಂ ಅಂದ್ರ ನಡೀತೈತಿ ಅಂದ್ರು. ಅಕ್ಕಾರ, ನನಗ ಅದು ಬೇಕು. ಕೇಳಾಕ ನಾಚಿಕಿ ಆಗಾಕತ್ತೈತಿ, ಆದ್ರೂ ಬೇಕು. ಅದು ನಿಮ್ಮದು. ನೀವು ಬಂದ್ರ ನಾ ಮ್ಯಾಲ ದಂಡಿಗೆ ನಿಂತು ನಿಮ್ಮ ಚಪ್ಪಲಿ ಕಾಯತೇನಿ, ಖರೇನ. ಬರಾಕ ಆಗದಿದ್ರ ಹೂಂ ಅಂತ ಒಂದು ಕಾರ್ಡ್ ಹಾಕ್ರಿ. ಅಥಣಿ ಮ್ಯಾಲಿಂದ ಬರೋ ಬಸ್ಸು ತಿಕೋಟಾದಾಗ ನಿಲ್ಲತೈತಿ, ವಿಜಯಪುರತನಕ ಹೋಗಬ್ಯಾಡ್ರಿ. ಅಕ್ಕ ಬರೂದು ಗೊತ್ತಿಲ್ಲಲ್ಲ ಅಂತ ನಾ ಅಂದ್ರ, ಗೊತ್ತಿಲ್ಲದಿದ್ರ ಏನಾತು ಅಂತ ನಿಮ್ಮ ತಮ್ಮ ಅವತ್ತು ಮೊದಲ ಬಸ್ಸಿನಿಂದ ಅಲ್ಲೇ ನಿಂತಿರತಾರಂತ.