ರೊಟ್ಟಿಯೊಳಗಿನ ಗಡ್ಡಪ್ಪ

ಡಿಸೆಂಬರ್ 29
ಇವತ್ತು ನಲವತ್ತು ನಾಣ್ಯ ತೊಳೆದು ಗುರುತಿಸಿದೆ. ಎಲ್ಲ ಅಂಗಿ ಗುಂಡಿಯಷ್ಟು ಕಂಚು, ಎಲ್ಲ ಬೋಳು ಗಲ್ಲದ ರೋಮನ್ ರಾಜರು. ನಮ್ಮ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಗುಳಿ ಮಾತ್ರ ಹನ್ನೊಂದು ವರ್ಷದಿಂದ ಖಾಲಿ. ವೆಟ್ರಾನಿಯೊ — ನಮ್ಮ ಡ್ಯಾನ್ಯೂಬ್ ನದಿ ಕಡೆಯ ಸೈನಿಕರೇ ಪಟ್ಟ ಕಟ್ಟಿದ ಮುದುಕ ಸೇನಾಪತಿ. ಆಳಿದ್ದು ಹತ್ತೇ ತಿಂಗಳು. ಗಡ್ಡ ಇದ್ದವನು.
ಡೈರೆಕ್ಟರ್ ಸ್ವೆತೋಜಾರ್ ಬಾಗಿಲಲ್ಲೇ ಕುಟುಕಿದರು: "ಏನಮ್ಮಾ, ನಿನ್ನ ಗಡ್ಡಪ್ಪ ಇವತ್ತೂ ಕೈಕೊಟ್ನಾ?"
ನಗಲಿ. ಸಿಕ್ಕೇ ಸಿಗುತ್ತಾನೆ.

ಜನವರಿ 3
ಹುಳಿ ಬರಿಸಿದ ಎಲೆಕೋಸು ತರಲು ಅತ್ತೆ ಮನೆಗೆ ಹೋಗಿದ್ದೆ. ಹಳೆ ಪಂಚಾಂಗದಂತೆ ಜನವರಿ 7ಕ್ಕೆ ಬರುವ ನಮ್ಮ ಕ್ರಿಸ್ಮಸ್‌ಗೆ ಸ್ಟಾಮೆಂಕಾ ಅತ್ತೆ ರೊಟ್ಟಿಯೊಳಗೆ ಹಾಕುವ ನಾಣ್ಯ ಡಬ್ಬಿಯಿಂದ ತೆಗೆದಿಟ್ಟಿದ್ದರು. ಅವರ ಮಾವನಿಗೆ ಹೊಲ ಉಳುವಾಗ ಸಿಕ್ಕಿದ್ದಂತೆ. ನಾಣ್ಯ ಯಾರ ತುಂಡಿಗೆ ಬಂದರೆ ಅವರಿಗೆ ವರ್ಷವಿಡೀ ಅದೃಷ್ಟ. ಮದುವೆಯಾದ ಹದಿನಾಲ್ಕು ವರ್ಷದಿಂದ ಆ ರೊಟ್ಟಿ ತಿನ್ನುತ್ತಿದ್ದೇನೆ, ನಾಣ್ಯ ಒಮ್ಮೆಯೂ ನನ್ನ ತುಂಡಿಗೆ ಬಂದಿಲ್ಲ. ಯಾರಿಗೆ ಬಂದರೂ ಅತ್ತೆ ಒಂದು ಜೊತೆ ಉಣ್ಣೆ ಕಾಲುಚೀಲ ಕೊಟ್ಟು ವಾಪಸ್ ಇಸಿದುಕೊಳ್ಳುತ್ತಾರೆ.
ಕಿಟಕಿ ಬೆಳಕಿಗೆ ಹಿಡಿದೆ… ಗಡ್ಡ!
"ಅತ್ತೆ, ಇದನ್ನ ಮ್ಯೂಸಿಯಂಗೆ—"
"ಬಾಯಿ ಮುಚ್ಚೇ! ಅದು ಮನೆ ಬಿಟ್ರೆ ಮನೆ ಅದೃಷ್ಟಾನೂ ಬಿಡುತ್ತೆ. ಹಬ್ಬದ ಹಿಂದಿನ ದಿನ ಬೂದಿ ಹಾಕಿ ತಿಕ್ತೀನಿ, ಫಳಫಳ ಅನ್ಬೇಕು."
ಮುಖದ ಬದಿ ಮಾತ್ರ ತಿಕ್ಕುವುದು ಅವರ ಪದ್ಧತಿ. ತಿಕ್ಕಿ ತಿಕ್ಕಿ ರಾಜನ ಹೆಸರಿನ ಅಕ್ಷರವೆಲ್ಲ ಹೋಗಿದೆ. ಇನ್ನೊಂದು ಸಲ ತಿಕ್ಕಿದರೆ ಗಡ್ಡವೂ ಹೋಯಿತು.

ಜನವರಿ 4
ಅಯ್ಯೋ, ಅವನ ನಂತರ ಬಂದ ರೋಮನ್ ದೊರೆ ಜೂಲಿಯನ್‌ಗೂ ಗಡ್ಡ ಇತ್ತಲ್ಲ! ಅವನ ನಾಣ್ಯ ನಮ್ಮಲ್ಲಿ ಮೂವತ್ತಿವೆ. ಹಿಂಬದಿ ನೋಡಿದರೇ ಗೊತ್ತಾಗುವುದು, ಅಲ್ಲಿ ವರ್ಷಗಳ ಸುಟ್ಟ ಹಿಟ್ಟು ಕಚ್ಚಿಕೊಂಡಿದೆ. ಅತ್ತೆಯ ಅಡಿಗೆಮನೆಯಲ್ಲೇ ಬಟ್ಟಲಲ್ಲಿ ನೆನೆಹಾಕಿ ಬಂದೆ.

ಜನವರಿ 6, ಬೆಳಿಗ್ಗೆ 9
ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದೆ. ನಿಂತ ರಾಜ. ಎರಡೂ ಕೈಯಲ್ಲಿ ಬಾವುಟ. ಬಾವುಟದಲ್ಲಿ… ಕ್ರಿಸ್ತನ ಗುರುತು! ಜೂಲಿಯನ್ ಹಳೆ ದೇವರುಗಳ ಭಕ್ತ, ಗಡ್ಡ ಬಿಟ್ಟ ಮೇಲೆ ಅದನ್ನು ಹಾಕಿಸಿದವನೇ ಅಲ್ಲ. ಗಡ್ಡವೂ ಉಂಟು, ಕ್ರಿಸ್ತನೂ ಉಂಟು — ವೆಟ್ರಾನಿಯೊ! ಅವನೇ! ಕಿರುಚಿದ ರಭಸಕ್ಕೆ ಅಂಗಳದ ಕೋಳಿಗಳೆಲ್ಲ ದಿಕ್ಕಾಪಾಲು.
ಅತ್ತೆ ಬೂದಿ ಹಿಡಿದು ಬಂದರು. ನಾನು ಕಾಲಿಗೆ ಬೀಳುವುದೊಂದು ಬಾಕಿ.
"ಸರಿ, ಈ ಸಲ ಬರೀ ಕುದಿಸಿ ಹಾಕ್ತೀನಿ. ಆದ್ರೆ ರೊಟ್ಟಿಗೆ ಹೋಗ್ಲೇಬೇಕು. ನಿನ್ನ ತುಂಡಲ್ಲಿ ಸಿಕ್ರೆ ತಗೊಂಡ್ಹೋಗು. ಬೇರೆಯವ್ರಿಗೆ ಸಿಕ್ರೆ ಡಬ್ಬಿಗೆ. ಮತ್ತೆ ಆ ಮಾತೆತ್ಬಾರದು."
ನಾವು ಏಳು ಜನ.

ಜನವರಿ 7, ಮಧ್ಯಾಹ್ನ
ಮೇಜು ಇನ್ನೂ ಒರೆಸಿಲ್ಲ, ಆದರೂ ಬರೆಯಲೇಬೇಕು. ಎಲ್ಲರೂ ಸೇರಿ ರೊಟ್ಟಿ ಹಿಡಿದು ಮುರಿದೆವು. ನನ್ನ ತುಂಡು ಪುಡಿಪುಡಿ ಮಾಡಿದೆ — ಏನೂ ಇಲ್ಲ. ಅಳುವೇ ಬಂತು. ಗಂಡನಿಗಿಲ್ಲ, ಮೈದುನನಿಗಿಲ್ಲ, ಓರಗಿತ್ತಿಗಿಲ್ಲ, ಮಕ್ಕಳಿಬ್ಬರಿಗೂ ಇಲ್ಲ. ಅತ್ತೆ ತಮ್ಮ ತುಂಡು ಕಚ್ಚಿದರು. ಟಕ್! ಎಲ್ಲರಿಗೂ ಕೇಳಿಸಿತು.
ಕೆನ್ನೆ ಹಿಡಿದುಕೊಂಡು ತುಂಡನ್ನು ನನ್ನ ತಟ್ಟೆಗೆ ಹಾಕಿದರು.
"ಹಲ್ಲು ನೋವು ಕಣೇ. ನನ್ನ ಪಾಲೂ ನೀನೇ ತಿನ್ನು."
"ಅತ್ತೆ, ಮನೆ ಅದೃಷ್ಟ—"
"ತಿನ್ನೇ ಸುಮ್ನೆ. ಈ ಸಲ ಕಾಲುಚೀಲ ಕೊಡಲ್ಲ."
ಮುರಿದೆ. ಮೊದಲು ಕಂಡದ್ದು ಗಡ್ಡ, ಆಮೇಲೆ ತಿರುಗಿಸಿದರೆ ಬಾವುಟ. ಇನ್ನು ಮ್ಯೂಸಿಯಂನ ಆ ಖಾಲಿ ಗುಳಿ ತುಂಬಿದ ಹಾಗೇ!