ಸಮುದ್ರಕ್ಕೊಂದು ತುತ್ತು

ಕಮಲಾಪುರ
೧೯ ಜನವರಿ ೨೦೨೫

ನನ್ನ ಮುದ್ದು ಮದಿಹಾ,

ಅಮ್ಮಿಯ ಸಲಾಮು. ನಮ್ಮ ಜಗಳವೆಲ್ಲ ಮನೆಮಾತು ದಖನಿಯಲ್ಲೇ ಆಯಿತು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು, ಒಪ್ಪಿಕೊಳ್ಳುವುದನ್ನು ಕನ್ನಡದಲ್ಲಿ ಬರೆಯುತ್ತೇನೆ. ತಪ್ಪು ಹುಡುಕಬೇಡ, ಅದು ನನ್ನ ಕೆಲಸ.

ಗುರುವಾರ ಕಲಬುರಗಿಗೆ ಬಂದಿದ್ದೆ. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಪಕ್ಕದ ಮನೆಯ ವಿಮಲಾಬಾಯಿಗೆ ಸುಳ್ಳು ಹೇಳಿದೆ. ಬಂದದ್ದು ನಿನ್ನ ಪ್ರದರ್ಶನಕ್ಕೆ. ನೀನು ಊಟಕ್ಕೆ ಹೊರಡುವವರೆಗೂ ಎದುರಿನ ಹಣ್ಣಿನ ಗಾಡಿಯ ಮರೆಯಲ್ಲಿ ನಿಂತು ಕಾದೆ. ನಿನ್ನ ಕೂದಲು ಬಿಸಿಲಲ್ಲಿ ಬಿಚ್ಚಿಕೊಂಡಿತ್ತು. ಚಿಕ್ಕವಳಿದ್ದಾಗ ಎಣ್ಣೆ ಸುರಿದು, ಬಿಗಿಯಾಗಿ ಹೆಣೆದು ನಾನು ಅಡಗಿಸುತ್ತಿದ್ದ ಆ ಗುಂಗುರು. ಕೇಳಿದವರಿಗೆ ಟೈಫಾಯಿಡ್ ಬಂದು ಹೀಗಾಯಿತು ಎನ್ನುತ್ತಿದ್ದೆ. ನಾನು ಓದುವಾಗ ಹಬಶಿ, ಆಫ್ರಿಕಾದ ಹಬಶಿ ಎಂದು ಶಾಲೆಯಲ್ಲಿ ನನ್ನನ್ನು ಕೂಗಿ ನಕ್ಕವರಿದ್ದರು. ಆ ದನಿ ನಿನ್ನ ಕಿವಿಗೆ ಬೀಳಬಾರದಿತ್ತು, ಅಷ್ಟೇ.

ಒಳಗೆ ಕಾಲಿಟ್ಟರೆ ಎದುರಿಗೆ ಸಮುದ್ರ. ಹಳೆಯ ನೀಲಿ ಸೀರೆಗಳನ್ನು ಪದರ ಪದರವಾಗಿ ಕೌದಿಯ ಹಾಗೆ ಹೊಲಿದು ಸೂರಿನಿಂದ ನೆಲದವರೆಗೆ ಇಳಿಬಿಟ್ಟಿದ್ದೀ. ನಾನು ಸಮುದ್ರ ಕಂಡವಳಲ್ಲ. ಫ್ಯಾನಿನ ಗಾಳಿಗೆ ಅದು ಏಳುತ್ತಿತ್ತು, ಇಳಿಯುತ್ತಿತ್ತು, ನನ್ನ ಕಾಲ ಕೆಳಗಿನ ನೆಲವೂ ಮೆಲ್ಲಗೆ ತೇಲತೊಡಗಿತು. ಗೋಡೆಯ ಮೇಲೆ ನೀನು ಬರೆದದ್ದನ್ನು ಓದಿದೆ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು, ಮಾರಿ, ಸುಲ್ತಾನರ ಸೈನ್ಯಕ್ಕೆ ಸೇರಿಸಿದ್ದ ನಮ್ಮ ಹಿರಿಯರ ಕಥೆ. ದಾರಿಯಲ್ಲೇ ಸತ್ತು ನೀರುಪಾಲಾದವರಿಗೆ ಗೋರಿಯಿಲ್ಲ, ಈ ಬಟ್ಟೆಯೇ ಹೊದಿಕೆ ಎಂದಿದ್ದೀ. ನಿಂತಲ್ಲೇ ಅತ್ತೆ. ಆಮೇಲೆ ಮೂಲೆ ಮುಟ್ಟಿ ನೋಡಿದೆ, ಸಿಟ್ಟು ಬಂತು.

ನಾಲ್ಕೂ ಅಂಚು ಮುಚ್ಚಿ ಹೊಲಿದಿದ್ದೀ, ಒಳಗೆ ಏನೂ ಇಟ್ಟಿಲ್ಲ. ನಿನ್ನ ನಾನಿ, ನನ್ನ ತಾಯಿ, ಕೌದಿಯ ಕೊನೆಯ ಹೊಲಿಗೆಗೆ ಮುಂಚೆ ಅದರ ಹೊಟ್ಟೆಗೆ ಒಂದು ಚೂರು ರೊಟ್ಟಿ ಇಡದೆ ಬಿಟ್ಟವಳಲ್ಲ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎನ್ನುತ್ತಿದ್ದಳು. ಅಷ್ಟು ಜನರನ್ನು ನುಂಗಿದ ನೀರನ್ನು ನೀನು ಮತ್ತೆ ಉಪವಾಸ ಕೆಡವಿದೆಯಲ್ಲ.

ಕಾವಲಿನ ಮಲ್ಲು, ನನ್ನ ವಯಸ್ಸಿನವನೇ, ಹತ್ತಿರ ಬಂದು "ಒಂದೀಟು ನೋಡ್ಕೊಂಡಿರ್ರೀ ಅಕ್ಕಾರ, ಚಾ ಕುಡ್ದು ಬರ್ತೀನಿ" ಎಂದ. ನೋಡಿಕೊಂಡೆ. ಬುತ್ತಿಯಲ್ಲಿ ಜೋಳದ ರೊಟ್ಟಿಯಿತ್ತು, ಸೂಜಿದಾರ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಮೂಲೆ ಬಿಚ್ಚಿ, ಒಂದು ಚೂರು ಇಟ್ಟು, ಮತ್ತೆ ಹೊಲಿದೆ. ಬಟ್ಟೆಗೆ ಕೆನ್ನೆ ಹಚ್ಚಿ ಕಣ್ಣು ಮುಚ್ಚಿದೆ. ಅಲೆಯ ಸದ್ದು ಕೇಳಿಸಿತು. ಬಹಳ ದೂರದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿದ್ದರು, ಅವರಲ್ಲಿ ನನ್ನ ತಾಯಿಯ ದನಿಯೂ ಇತ್ತು. ಫ್ಯಾನಿನ ಸದ್ದೇ ಇದ್ದೀತು. ನನಗೆ ಮಾತ್ರ ಅಲ್ಲಿಂದ ಬರಲು ಮನಸ್ಸಾಗಲಿಲ್ಲ.

ಕಳೆದ ಬಕ್ರೀದಿನ ದಿನ, ನೀನು ಹೊಲಿಯುವ ಈ ಬಟ್ಟೆಯಲ್ಲಿ ನನ್ನ ಹೆಸರು ಬಂದರೆ ಈ ಹೊಸ್ತಿಲು ತುಳಿಯಬೇಡ ಎಂದಿದ್ದೆ. ಹಠಮಾರಿ, ಅದೊಂದು ಮಾತು ಕೇಳಿದ್ದೀ. ಕೆಳಗಿನ ಅಂಚಿನಲ್ಲಿ ನಮ್ಮ ಹೆಣ್ಣುಮಕ್ಕಳ ಹೆಸರು ಒಂದೊಂದಾಗಿ ಹೊಲಿಯುತ್ತ ಬಂದು, ನಾನಿಯದು ನೂರಜಹಾನ್ ಎಂದು ಹಾಕಿ, ಒಂದು ಗೇಣು ಖಾಲಿ ಬಿಟ್ಟು, ಆಮೇಲೆ ಮದಿಹಾ. ಹೆಸರು ಬರಲಿಲ್ಲ, ಆದರೂ ನೀನು ಏಳು ತಿಂಗಳಿಂದ ಮನೆಗೆ ಬಂದಿಲ್ಲ. ಆ ಒಂದು ಗೇಣಿನ ಮುಂದೆ ನೆಲದಲ್ಲಿ ಕೂತುಬಿಟ್ಟೆ ಮಗಳೇ.

ಹಿತ್ತಿಲಿನ ಕೆಂಪು ಬಾಳೆಗೊನೆ ಹಣ್ಣಾಗುತ್ತಿದೆ. ಒಬ್ಬಳಿಂದ ತಿಂದು ಮುಗಿಯುವುದಿಲ್ಲ. ಬಾ.

ನಿನ್ನ ಅಮ್ಮಿ,
ಅಕ್ಬರಿ ಬೇಗಂ

ತಾ.ಕ.: ಮಲ್ಲು ಚಹಾ ಕುಡಿಯಲು ಬಹಳ ಹೊತ್ತು ಮಾಡಿದ. ಆ ಒಂದು ಗೇಣು ಈಗ ಖಾಲಿಯಿಲ್ಲ. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ದಾರ ಮುಗಿಯಿತು, ಅದನ್ನು ನೀನು ಹೊಲಿ.