ಗೋಡೆಯೊಳಗಿನ ರಕೂನು ಮತ್ತು ನಿನ್ನ ವಿನಯ

ಆರ್ಲೆನ್,

ಗೋಡೆಯೊಳಗೆ ಸತ್ತಿರೋ ರಕೂನು ಇವತ್ತು ನನಗಿಂತ ಮೊದಲೇ ಎದ್ದು ಅಡುಗೆಮನೆಗೆ ಬಂದಿತ್ತು. ಅದರ ನಾತಕ್ಕೆ ಕಾಫಿ ಕೂಡ ಮೂಗು ಮುಚ್ಕೊಂಡೇ ಕುದೀತು.

ನೀನು ಕಂಪ್ಯೂಟರಿಂದ ತೆಗೆದಿಟ್ಟ ಮೇಲ್ ಪಟ್ಟಿ ನೋಡ್ದೆ. ಥೂ! ಮನೆ ಮಾಲೀಕ ಟ್ವೈಟ್ ಇವತ್ತು ಕೋರ್ಟಲ್ಲಿ "ಒಂದು ದೂರೂ ಕೊಟ್ಟಿಲ್ಲ, ಇವರೇ ಮನೆ ಕೆಡಿಸಿದ್ದು, ಖಾಲಿ ಮಾಡಿಸಿ" ಅಂತಾನೆ. ನಮ್ಮ ಸಾಕ್ಷಿ ಏನು? ತಾರೀಖು, ಅವನ ಹೆಸರು, ಪಕ್ಕದಲ್ಲಿ ನೀನು ಕೊಟ್ಟ ತಲೆಬರಹ: "ಅವಸರ ಏನಿಲ್ಲ", "ತೊಂದರೆಗೆ ಕ್ಷಮಿಸಿ", "ಮನೆ ಬಹಳ ಚೆನ್ನಾಗಿದೆ, ಒಂದು ಸಣ್ಣ ವಿಷಯ". ನೀವು ಮಿನೆಸೋಟದ ಗಂಡಸರು, ಮೈಗೆ ಬೆಂಕಿ ಹತ್ತಿದ್ರೂ "ಸ್ವಲ್ಪ ಬೆಚ್ಚಗಿದೆ" ಅನ್ನೋರು.

ಬರೀ ಪಟ್ಟಿ ಬೇಡ. ಕಳಿಸಿದ ಮೇಲ್‌ಗಳ ಫೋಲ್ಡರ್ ತೆಗಿ. ಟ್ವೈಟ್‌ಗೆ ಬರೆದದ್ದನ್ನೆಲ್ಲ ಒಟ್ಟಿಗೆ ಆರಿಸಿ, ಪೂರ್ತಿ ಮೇಲ್‌ಗಳನ್ನೇ ಒಂದು ಫೈಲಿಗೆ ಉಳಿಸಿ ಪ್ರಿಂಟ್ ಹಾಕು. ಒಳಗಾದ್ರೂ ಸೂರಿಂದ ಹುಳ ಉದುರ್ತಿರೋದನ್ನ ಬರೆದಿದೀಯಲ್ಲ, ಪುಣ್ಯಾತ್ಮ. ಅದನ್ನ ತಗೊಂಡು ಊಟ ಆದ್ಮೇಲೆ ಸೀದಾ ಕೋರ್ಟಿಗೆ ಬಾ. ನಾನು ಕೆಲಸದಿಂದ ಅಲ್ಲಿಗೇ ಬರ್ತೀನಿ.

ಟ್ವೈಟ್‌ಗೆ ಅಂತ ನೀನು ಅರ್ಧ ಬರೆದಿಟ್ಟಿದ್ದ ಹೊಸ ಮೇಲ್ ಅಳಿಸಿದೀನಿ. ಕೋರ್ಟಿಗೆ ಅವನು ತನ್ನ ಕಾರಲ್ಲೇ ಬರ್ಲಿ.

ಮಾರಿಟ್